ಬೈಟ್ ಲೆಕ್ಕ ಸಾಲದು, ರೇಡಿಯೊ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಬ್ಯಾಟರಿಯಿಂದ ನಡೆಯುವ ಸೆನ್ಸರ್‌ಗಳ ಕುರಿತು ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಸಕಾಲಿಕವಾಗಿತ್ತು. ಆದರೆ ಇಂಥ ಸಾಧನಗಳು ಸಂದೇಶ ಕಳಿಸಲು ಬಳಸುವ ಎರಡು ಪ್ರೋಟೊಕಾಲ್‌ಗಳ (ಸಂವಹನ ನಿಯಮಾವಳಿಗಳ) ಪೈಕಿ ಎಂಕ್ಯೂಟಿಟಿಯ ಹೆಡರ್, ಅಂದರೆ ಸಂದೇಶದ ತಲೆಬರಹ, ಕನಿಷ್ಠ 2 ಬೈಟ್, ಕೋಆಪ್‌ನದು 4 ಬೈಟ್, ಆದ್ದರಿಂದ ಮೊದಲನೆಯದೇ ಹಗುರ ಎಂಬ ಅದರ ತೀರ್ಮಾನವನ್ನು ಒಪ್ಪಲಾಗದು. ಅಂಕಿಗಳೇನೋ ಸರಿ, ಅವುಗಳಿಂದ ಹೊರಡಿಸಿದ ನಿರ್ಣಯ ಸರಿಯಲ್ಲ.

ಸಣ್ಣ ಸಾಧನಗಳಲ್ಲಿ ಬ್ಯಾಟರಿಯನ್ನು ಮುಖ್ಯವಾಗಿ ತಿನ್ನುವುದು ರೇಡಿಯೊ, ಅಂದರೆ ನಿಸ್ತಂತು ಸಂಪರ್ಕದ ಭಾಗ, ಎಚ್ಚರವಿರುವ ಹೊತ್ತು. ಸಿಆರ್2032 ಎಂಬ ಬಟನ್ ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆ್ಯಂಪ್ ಅವರ್. ಸಾಧನವೊಂದು ನಿದ್ರೆಯಲ್ಲಿ 5 ಮೈಕ್ರೊಆ್ಯಂಪ್ ಮಾತ್ರ ಎಳೆಯುತ್ತದೆ ಎಂದಿಟ್ಟುಕೊಂಡರೆ ಆ ಸೆಲ್ ಲೆಕ್ಕದ ಪ್ರಕಾರ ಐದು ವರ್ಷ ಬಾಳಬೇಕು; ಅದೇ ಸಾಧನದ ರೇಡಿಯೊ 20 ಮಿಲಿಆ್ಯಂಪ್ ಎಳೆಯುತ್ತಾ ಬಿಡುವಿಲ್ಲದೆ ಎದ್ದಿದ್ದರೆ 11 ಗಂಟೆಗೆ ಬರಿದಾಗಬೇಕು. ಅಂದರೆ ರೇಡಿಯೊ ಒಂದು ಸೆಕೆಂಡ್ ಎಚ್ಚರವಿರುವುದಕ್ಕೆ ತಗಲುವ ವಿದ್ಯುತ್ತಿನಲ್ಲಿ ಸಾಧನ ಒಂದು ಗಂಟೆಗೂ ಹೆಚ್ಚು ಕಾಲ ಮಲಗಿರಬಹುದು. ಎರಡು ಬೈಟ್ ಉಳಿಸಿ, ಉತ್ತರಕ್ಕಾಗಿ ಎರಡು ಸೆಕೆಂಡ್ ಕಾದರೆ ಉಳಿತಾಯವೆಲ್ಲಿ ಬಂತು?

ಎಂಕ್ಯೂಟಿಟಿಯನ್ನೇ ನೋಡೋಣ. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದು, ತೈಲ ಕೊಳವೆಮಾರ್ಗಗಳ ಸ್ಥಿತಿಗತಿಯನ್ನು ಉಪಗ್ರಹ ಸಂಪರ್ಕದ ಮೂಲಕ ತಿಳಿಯುವುದಕ್ಕಾಗಿ. ಸಂಪರ್ಕವನ್ನು ಒಮ್ಮೆ ಕಟ್ಟಿ ಹಾಗೆಯೇ ಉಳಿಸಿಕೊಂಡು ಸಂದೇಶಗಳನ್ನು ಕಳಿಸುತ್ತಿರುವ ಕಡೆ ಇದಕ್ಕಿಂತ ಅನುಕೂಲದ್ದು ಸಿಗುವುದು ಕಷ್ಟ. ಆದರೆ ಇದು ನಡೆಯುವುದು, ಮೊದಲು ಸಂಪರ್ಕ ಕಟ್ಟಿಕೊಂಡು ಆಮೇಲೆ ದತ್ತಾಂಶ ಸಾಗಿಸುವ ಟಿಸಿಪಿಯ ಮೇಲೆ. ಗಂಟೆಗೊಮ್ಮೆ ಎದ್ದು ಉಷ್ಣಾಂಶ ಹೇಳಿ ಮತ್ತೆ ಮಲಗುವ ಸೆನ್ಸರ್‌ನ ಮೌನ ದೀರ್ಘವಾದಾಗ, ನಡುವಿನ ರೂಟರ್‌ಗಳು ಆ ಸಂಪರ್ಕವನ್ನು ಮರೆತುಬಿಡುವುದು ಸಾಮಾನ್ಯ. ಆಗ ಟಿಸಿಪಿಯ ಮೂರು ಪ್ಯಾಕೆಟ್, ಬ್ರೋಕರ್‌ಗೆ (ಸಂದೇಶಗಳನ್ನು ಪಡೆದು ಹಂಚುವ ಸರ್ವರ್‌ಗೆ) ಪರಿಚಯ ಹೇಳಿಕೊಳ್ಳುವ ಪ್ಯಾಕೆಟ್, ಅದಕ್ಕೆ ಬರುವ ಉತ್ತರ, ಸಾಮಾನ್ಯವಾಗಿ ಇಷ್ಟೂ ಮುಗಿದ ಮೇಲೆ ನಿಜವಾದ ಸಂದೇಶ ಹೊರಡುತ್ತದೆ.

ಆ ಸಂದೇಶವಾದರೂ 2 ಬೈಟ್‌ನದಲ್ಲ. ‘ಬಿಲ್ಡಿಂಗ್/ಫ್ಲೋರ್3/ರೂಮ್12/ಟೆಂಪರೇಚರ್’ ಎಂಬ ಟಾಪಿಕ್, ಅಂದರೆ ಸಂದೇಶ ಯಾವುದರ ಕುರಿತದ್ದೆಂದು ಹೇಳುವ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ 34 ಬೈಟ್ ಆಗುತ್ತದೆ. ಕಳಿಸಬೇಕಾದ ‘23.5’ ಎಂಬ ಅಳತೆ 4 ಬೈಟ್. ಹೆಡರ್‌ನ 2 ಮತ್ತು ಟಾಪಿಕ್‌ನ ಉದ್ದ ತಿಳಿಸುವ 2 ಸೇರಿ 42 ಬೈಟ್; ಟಿಸಿಪಿ ಮತ್ತು ಐಪಿ ಹೆಡರ್‌ಗಳು ಕನಿಷ್ಠವೆಂದರೂ ಇನ್ನೊಂದು 40. (ಟಾಪಿಕ್ ಹೆಸರನ್ನು ಕನ್ನಡದಲ್ಲಿಡುವ ಉತ್ಸಾಹಿಗಳು ಗಮನಿಸಬೇಕು: ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಅಕ್ಷರಕ್ಕೂ ಅದರ ಗುಣಿತ ಚಿಹ್ನೆಗೂ ತಲಾ 3 ಬೈಟ್.) ಟಾಪಿಕ್‌ಗೆ ಬದಲು ಪುಟ್ಟ ಸಂಖ್ಯೆಯೊಂದನ್ನು ಬಳಸುವ ಸೌಲಭ್ಯ 2019ರ ಐದನೇ ಆವೃತ್ತಿಯಲ್ಲಿ ಇದೆಯಾದರೂ ಅದು ಆ ಒಂದು ಸಂಪರ್ಕದ ಮಟ್ಟಿಗೆ ಮಾತ್ರ, ಸಂಪರ್ಕ ಕಡಿದರೆ ಸಂಖ್ಯೆಯನ್ನು ಮತ್ತೆ ಗೊತ್ತುಮಾಡಿಕೊಳ್ಳಬೇಕು. ಗಂಟೆಗೊಮ್ಮೆ ಏಳುವ ಸೆನ್ಸರ್‌ಗೆ ಇದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಹಾಗೆಂದು ಕೋಆಪ್‌ನ ಪರ ವಕಾಲತ್ತು ವಹಿಸುವುದು ನನ್ನ ಉದ್ದೇಶವಲ್ಲ. 2014ರಲ್ಲಿ ಆರ್‌ಎಫ್‌ಸಿ 7252 ಎಂಬ ಅಂತರ್ಜಾಲ ಮಾನದಂಡವಾಗಿ ಪ್ರಕಟವಾದ ಇದು, ಸಂಪರ್ಕ ಕಟ್ಟದೆಯೇ ಪ್ಯಾಕೆಟ್ ಕಳಿಸುವ ಯುಡಿಪಿ ಮೇಲೆ ನಡೆಯುವುದರಿಂದ, ದೃಢೀಕರಣ ಬೇಡದ ಸಂದೇಶವಾದರೆ ಒಂದೇ ಪ್ಯಾಕೆಟ್ ಕಳಿಸಿ ಮಲಗಬಹುದು. ಆದರೆ ಅದು ತಲುಪಿತೋ ಇಲ್ಲವೋ ಸಾಧನಕ್ಕೆ ತಿಳಿಯುವುದಿಲ್ಲ. ತಿಳಿಯಲೇಬೇಕೆಂದು ದೃಢೀಕರಣ ಕೇಳಿದರೆ, ಪೂರ್ವನಿಗದಿತ ನಿಯಮದಂತೆ ಮೊದಲು 2ರಿಂದ 3 ಸೆಕೆಂಡ್ ಕಾದು, ಪ್ರತಿ ಸಲವೂ ಕಾಯುವ ಅವಧಿಯನ್ನು ಇಮ್ಮಡಿಸುತ್ತಾ ನಾಲ್ಕು ಬಾರಿಯವರೆಗೆ ಮರುಕಳಿಸಬೇಕಾಗುತ್ತದೆ. ಜಾಲ ಹದಗೆಟ್ಟ ದಿನ ಈ ಕಸರತ್ತು ಒಂದೂವರೆ ನಿಮಿಷದವರೆಗೂ ಎಳೆಯಬಹುದು. ಅಷ್ಟು ಹೊತ್ತೂ ರೇಡಿಯೊ ಕಿವಿ ತೆರೆದುಕೊಂಡೇ ಇರುವಂತೆ ಬರೆದ ಸಾಫ್ಟ್‌ವೇರ್ ಇದ್ದರೆ 4 ಬೈಟ್ ಹೆಡರ್‌ನ ಹೆಮ್ಮೆ ಬ್ಯಾಟರಿಯನ್ನು ಕಾಯದು.

ಬೈಟ್‌ಗಳಿಗೆ ಬೆಲೆಯೇ ಇಲ್ಲವೆಂದಲ್ಲ. ಹಲವು ಅಲ್ಪಶಕ್ತಿ ಜಾಲಗಳು ಬಳಸುವ 802.15.4 ರೇಡಿಯೊದ ಒಂದು ಫ್ರೇಮ್ ಗರಿಷ್ಠ 127 ಬೈಟ್. ಸಂದೇಶ ಅದನ್ನು ಮೀರಿದರೆ ತುಂಡಾಗುತ್ತದೆ, ಒಂದು ತುಂಡು ಕಳೆದರೆ ಉಳಿದವೂ ವ್ಯರ್ಥವಾಗುತ್ತವೆ. ಅಲ್ಲಿ ಹತ್ತು ಬೈಟ್ ಉಳಿಸಿದರೂ ಲಾಭವೇ.

ಲೇಖನ ಮುಟ್ಟದೇ ಬಿಟ್ಟ ಇನ್ನೊಂದು ವಿಷಯ ಭದ್ರತೆ. ನನ್ನ ಹೆಚ್ಚಿನ ಆತಂಕ ಇದರ ಬಗ್ಗೆಯೇ. ಸಂದೇಶಗಳನ್ನು ಎನ್‌ಕ್ರಿಪ್ಟ್ ಮಾಡುವ (ಗೂಢಲಿಪಿಗೊಳಿಸುವ), ಪ್ರಮಾಣಪತ್ರ ಆಧಾರಿತ ಟಿಎಲ್‌ಎಸ್ ಸಂಪರ್ಕ ಕಟ್ಟಲು ಕೆಲವು ಕಿಲೊಬೈಟ್‌ಗಳ ವಿನಿಮಯ ಬೇಕಾಗಬಹುದು, ಇದು ಕಳಿಸಬೇಕಾದ 4 ಬೈಟ್ ಅಳತೆಯ ನೂರಾರು ಪಟ್ಟು. ಈ ಭಾರ ತಪ್ಪಿಸಲು ಎನ್‌ಕ್ರಿಪ್ಷನ್ ಅನ್ನೇ ಕೈಬಿಟ್ಟು ಅದನ್ನೂ ‘ಹಗುರ’ ಎಂದು ಕರೆಯುವ ಚಾಳಿಯಿದೆ. ಹಾಗೆ ಬಿಟ್ಟ ಎಂಕ್ಯೂಟಿಟಿಯಲ್ಲಿ ಪಾಸ್‌ವರ್ಡ್ ಕೂಡ ಜಾಲದಲ್ಲಿ ಬಟಾಬಯಲಾಗಿ ಹೋಗುತ್ತದೆ. ಇದಕ್ಕೆ ಪರ್ಯಾಯವಿಲ್ಲ ಎಂದರೆ ಒಪ್ಪಬಹುದಿತ್ತು. ಆದರೆ ಕೋಆಪ್‌ಗಾದರೆ ಸಂದೇಶವನ್ನೇ ಮುಚ್ಚಿ ಕಳಿಸುವ ಆಸ್ಕೋರ್ ಎಂಬ ವಿಧಾನ 2019ರಿಂದಲೇ ಇದೆ. ಸಾಧನ ಮಲಗೆದ್ದ ಮೇಲೂ, ವಿಳಾಸ ಬದಲಾದರೂ, ಹಳೆಯ ಸುರಕ್ಷಿತ ಸಂಪರ್ಕವನ್ನೇ ಮುಂದುವರಿಸಲು ಡಿಟಿಎಲ್‌ಎಸ್‌ಗೆ (ಯುಡಿಪಿಗೆ ಹೊಂದುವ ಟಿಎಲ್‌ಎಸ್‌ಗೆ) ಕನೆಕ್ಷನ್ ಐಡಿ ವ್ಯವಸ್ಥೆ 2022ರಲ್ಲಿ ಬಂದಿದೆ. ಆರಂಭದ ಮಾತುಕತೆಯನ್ನು ಒಮ್ಮೆ ಮುಗಿಸಿದರೆ ದೀರ್ಘಕಾಲ ಅದರ ಗೊಡವೆಯಿರುವುದಿಲ್ಲ.

ಆದ್ದರಿಂದ ಇಂಥ ಸಾಧನಗಳ ಕುರಿತು ಮುಂದೆ ಬರೆಯುವಾಗ, ‘ಹತ್ತು ವರ್ಷ ಬಾಳುವ ಬ್ಯಾಟರಿ’ ಎಂಬ ತಯಾರಕರ ಮಾತಿನ ಜೊತೆಗೆ ಮೂರು ವಿವರಗಳನ್ನು ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ: ಸಂದೇಶ ಎಷ್ಟು ಹೊತ್ತಿಗೊಮ್ಮೆ ಹೋಗುತ್ತದೆ, ಪ್ರತಿ ಸಂದೇಶಕ್ಕೂ ರೇಡಿಯೊ ಎಷ್ಟು ಕಾಲ ಎದ್ದಿರುತ್ತದೆ ಮತ್ತು ಆ ಅಳತೆ ಮಾಡಿದಾಗ ಎನ್‌ಕ್ರಿಪ್ಷನ್ ಚಾಲೂ ಇತ್ತೇ.

ತಮ್ಮ ವಿಶ್ವಾಸಿ,
ಓದುಗ