ಉಜ್ಜುವ ಮೊದಲು ಜಿಡ್ಡು ತೆಗೆಯಬೇಕು

ಮಾನ್ಯ ಸಂಪಾದಕರೇ,

ಹಳೆಯ ವಾಹನಕ್ಕೆ ಮನೆಯಲ್ಲೇ ಬಣ್ಣ ಹೊಡೆದುಕೊಳ್ಳುವುದು ಹೇಗೆಂಬ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಸ್ಪ್ರೇ ಗನ್ ಹಿಡಿಯುವ ಬಗೆ, ಒಂದು ಕೋಟಿಂಗ್ ಆದ ಮೇಲೆ ಇನ್ನೊಂದಕ್ಕೆ ಬಿಡಬೇಕಾದ ಸಮಯ ಮುಂತಾದವನ್ನು ಲೇಖಕರು ವಿವರವಾಗಿಯೇ ತಿಳಿಸಿದ್ದಾರೆ. ಆದರೆ ಹಳೆಯ ಎಣ್ಣೆ ಮತ್ತು ಗ್ರೀಸ್ ತೆಗೆಯುವ ವಿಷಯ ಅದರಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ. ಅದೂ, ಮೊದಲು ಉಪ್ಪುಕಾಗದದಿಂದ ಉಜ್ಜಿ ಆಮೇಲೆ ಸೀಮೆಎಣ್ಣೆಯಿಂದ ಒರೆಸಬೇಕೆಂದು ಕ್ರಮವನ್ನೇ ತಿರುವುಮುರುವು ಮಾಡಿ ಹೇಳಲಾಗಿದೆ.

ಜಿಡ್ಡಿರುವ ತಗಡನ್ನು ಉಜ್ಜಿದರೆ ಜಿಡ್ಡು ಹೋಗುವುದಿಲ್ಲ; ಉಪ್ಪುಕಾಗದವು ಗೀರುತ್ತ ಹೋದಂತೆ ಅದೇ ಗೀರುಗಳ ಒಳಗೆ ಎಣ್ಣೆ ಸೇರಿಕೊಳ್ಳುತ್ತದೆ, ಮತ್ತೆ ಎಷ್ಟು ಒರೆಸಿದರೂ ಪೂರ್ತಿ ಹೊರಬರುವುದಿಲ್ಲ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಒಂದು ಹಳೆಯ ಕಾರಿನ ಬಾನೆಟ್ಟನ್ನು ಕನ್ನಡಿಯಂತೆ ನುಣುಪಾಗುವವರೆಗೆ ಉಜ್ಜಿ ಬಣ್ಣ ಹೊಡೆದೆ. ಬಣ್ಣ ಇನ್ನೂ ಹಸಿಯಾಗಿರುವಾಗಲೇ ಅಲ್ಲಲ್ಲಿ ಹಿಂದೆ ಸರಿದು, ನಡುವೆ ತಳ ಕಾಣುವ ಮೀನಿನ ಕಣ್ಣಿನಂಥ ದುಂಡು ಗುಳಿಗಳೆದ್ದವು. ಅದರ ಮೇಲೆ ಇನ್ನೊಂದು ಕೋಟಿಂಗ್ ಕೊಟ್ಟರೆ ಮುಚ್ಚಿಹೋದೀತೆಂದು ಹಟ ಹಿಡಿದಿದ್ದರಿಂದ ಕೆಲಸ ಇಮ್ಮಡಿಯಾಯಿತೇ ಹೊರತು ಗುಳಿಗಳು ಮುಚ್ಚಲಿಲ್ಲ. ಹಿಂದೆ ಯಾವಾಗಲೋ ಹಚ್ಚಿದ್ದ ಪಾಲಿಶ್‌ನ ಸಿಲಿಕೋನ್ ಎಂಬ ಜಿಡ್ಡಿನ ಅಂಶ ಇದಕ್ಕೆ ಕಾರಣವಾಗಿತ್ತು. ಟಯರಿಗೆ ಹೊಳಪು ಕೊಡುವ ದ್ರವಗಳಲ್ಲಿಯೂ ಸಾಮಾನ್ಯವಾಗಿ ಇದೇ ಇರುತ್ತದೆ.

ಸೀಮೆಎಣ್ಣೆ ಮತ್ತು ಡೀಸೆಲ್ ಗಟ್ಟಿಯಾದ ಗ್ರೀಸನ್ನು ಸಡಿಲಿಸುತ್ತವೆ ಎಂಬುದು ನಿಜ. ಆದರೆ ಅವು ತಾವೇ ಒಂದು ತೆಳುವಾದ ಎಣ್ಣೆಯ ಪೊರೆಯನ್ನು ಬಿಟ್ಟುಹೋಗುವುದರಿಂದ, ಬಣ್ಣದ ಮುಂಚಿನ ಕೊನೆಯ ಒರೆಸುವಿಕೆಗೆ ಅವು ಸಲ್ಲವು. ಪೆಟ್ರೋಲಂತೂ ಬೇಡವೇ ಬೇಡ: ಅದರ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಿದು, ದೂರದಲ್ಲಿರುವ ಕಿಡಿಯನ್ನೂ ಮುಟ್ಟಬಲ್ಲದು.

ಚಾಸಿಸ್ (ವಾಹನದ ಅಡಿಯ ಚೌಕಟ್ಟು) ಮತ್ತು ಎಂಜಿನ್ನಿನ ಸುತ್ತ ಮಣ್ಣಿನೊಡನೆ ಕಲೆತು ಹೆಪ್ಪುಗಟ್ಟಿರುವ ಗ್ರೀಸನ್ನು ಮೊದಲು ಪುಟ್ಟಿ ಹಚ್ಚುವ ಪಟ್ಟಿಯಿಂದ ಕೆರೆದು ತೆಗೆಯಬೇಕು. ಕೆರೆದಷ್ಟೂ ಮುಂದಿನ ತೊಳೆತ ಹಗುರವಾಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಮತ್ತು ಗಾಳಿ ಎಳೆದುಕೊಳ್ಳುವ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಡಿಗ್ರೀಸರ್ ಎಂಬ ಜಿಡ್ಡು ತೆಗೆಯುವ ದ್ರವವನ್ನು ಹಚ್ಚಿ, ಅದು ಒಣಗುವ ಮುನ್ನವೇ ಬ್ರಶ್ಶಿನಿಂದ ತಿಕ್ಕಿ ತೊಳೆಯಬೇಕು. ತೀಕ್ಷ್ಣವಾದ ಕ್ಷಾರದ ಡಿಗ್ರೀಸರ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ ಎಂಬುದು ನೆನಪಿರಲಿ. ಎಣ್ಣೆ ಸೋರುತ್ತಿರುವ ಸೀಲನ್ನು ಬದಲಿಸದೆ ಇಷ್ಟೆಲ್ಲ ತೊಳೆಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಎರಡು ತಗಡು ಸೇರುವ ಸಂದಿಗಳಲ್ಲಿ ಮತ್ತು ಬೋಲ್ಟುಗಳ ತಲೆಯ ಸುತ್ತ ಅವಿತ ಎಣ್ಣೆ ಬಿಸಿಲಿಗೆ ಮತ್ತೆ ಜಿನುಗುವುದರಿಂದ, ಅಂಥ ಕಡೆ ಎರಡು ಮೂರು ಬಾರಿ ತೊಳೆದರೂ ಹೆಚ್ಚೇನಲ್ಲ.

ಮೈಯ ತಗಡನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಮೇಣ ಮತ್ತು ಜಿಡ್ಡು ತೆಗೆಯುವುದಕ್ಕೆಂದೇ ಬಣ್ಣದ ಅಂಗಡಿಗಳಲ್ಲಿ ಸಿಗುವ ದ್ರಾವಕವನ್ನು ಬಳಸುವುದು ಒಳ್ಳೆಯದು. ಇಲ್ಲಿ ಎರಡು ಬಟ್ಟೆ ಬೇಕು. ಒಂದು ಕೈಯ ಬಟ್ಟೆಯಿಂದ ದ್ರಾವಕ ಹಚ್ಚಿ, ಅದು ಆರುವುದರೊಳಗೆ ಇನ್ನೊಂದು ಕೈಯ ಒಣ ಬಟ್ಟೆಯಿಂದ ಎತ್ತಿಬಿಡಬೇಕು. ಅದು ತಾನಾಗಿ ಆರಿದರೆ ಕರಗಿದ ಜಿಡ್ಡು ಇದ್ದಲ್ಲೇ ಮತ್ತೆ ಕೂರುತ್ತದೆ. ಬಟ್ಟೆಗಳನ್ನು ಆಗಾಗ ಬದಲಿಸದಿದ್ದರೆ ಒಂದು ಕಡೆಯ ಎಣ್ಣೆಯನ್ನು ಇಡೀ ಬಾಗಿಲಿಗೆ ಬಳಿದಂತಾಗುತ್ತದೆ. ಶುಚಿಯಾಯಿತೇ ಎಂದು ನೋಡಲು ನೀರು ಸುರಿದರೆ ಸಾಕು: ನೀರು ಒಡೆಯದೆ ಹಾಳೆಯಂತೆ ಹರಡಿ ನಿಂತರೆ ಜಿಡ್ಡಿಲ್ಲ, ಹನಿ ಹನಿಯಾಗಿ ಕೂಡಿದರೆ ಇನ್ನೂ ಇದೆ. ಬರಿ ಕಬ್ಬಿಣವಾದರೆ ಆ ನೀರನ್ನು ಕೂಡಲೇ ಒಣಗಿಸಬೇಕು, ಇಲ್ಲವಾದರೆ ನೋಡುತ್ತಿದ್ದಂತೆಯೇ ತುಕ್ಕಿನ ಕೆಂಪು ಏರುತ್ತದೆ. ಉಪ್ಪುಕಾಗದದ ಸರದಿ ಬರುವುದು ಇದಾದ ಮೇಲೆ; ಉಜ್ಜಿದ ಬಳಿಕ, ಪ್ರೈಮರ್ ಎಂಬ ತಳದ ಬಣ್ಣಕ್ಕೆ ಮುಂಚೆ, ಮತ್ತೊಮ್ಮೆ ದ್ರಾವಕದಿಂದ ಒರೆಸಬೇಕು, ಆಮೇಲೆ ಬರಿಗೈ ತಾಗಿಸಬಾರದು. ಬೆರಳಿನ ಎಣ್ಣೆಯೂ ಎಣ್ಣೆಯೇ. ಸ್ಪ್ರೇ ಗನ್ನಿಗೆ ಗಾಳಿ ಒದಗಿಸುವ ಕಂಪ್ರೆಸರಿನ ಗಾಳಿಯಲ್ಲಿ ಬರುವ ಎಣ್ಣೆ ಮತ್ತು ನೀರನ್ನು ತಡೆಯುವ ಫಿಲ್ಟರ್ ಇಲ್ಲದಿದ್ದರೆ ಒರೆಸಿದ್ದೆಲ್ಲ ವ್ಯರ್ಥ.

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ವಿಷಯವು ಪ್ರಾಣಕ್ಕೆ ಸಂಬಂಧಿಸಿದ್ದು. ಬ್ರೇಕಿನ ಜಿಡ್ಡು ತೆಗೆಯುವ ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕವಿರುತ್ತದೆ. ಅದರಿಂದ ಒರೆಸಿದ ಭಾಗವನ್ನು ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಬಣ್ಣಕ್ಕೆ ಮುನ್ನ ತುಕ್ಕು ಹಿಡಿದ ಜಾಗಕ್ಕೆ ತೇಪೆ ಹಾಕಿಸುವವರು ಡಬ್ಬಿಯ ಮೇಲಿನ ಬರಹವನ್ನು ಓದಲೇಬೇಕು. ಎಣ್ಣೆ ಬೆರೆತ ತೊಳೆದ ನೀರನ್ನು ಚರಂಡಿಗೆ ಬಿಡದೆ ಹಿಡಿದಿಡಬೇಕು. ದ್ರಾವಕದಲ್ಲಿ ನೆನೆದ ಬಟ್ಟೆಗಳನ್ನು ಮೂಲೆಯಲ್ಲಿ ರಾಶಿ ಹಾಕದೆ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು.

ಲೇಖನವನ್ನು ಕತ್ತರಿಸಿ ಇಟ್ಟುಕೊಂಡವರು ಹಲವರಿರಬಹುದು. ಆದ್ದರಿಂದ ಕೆಲಸದ ಕ್ರಮದ ಬಗೆಗಿನ ತಿದ್ದುಪಡಿಯನ್ನಾದರೂ ಅದೇ ಅಂಕಣದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ