ಬೆಳಗಿನ ಸಕ್ಕರೆ ಅಂಕಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಟೈಪ್‌ 2 ಮಧುಮೇಹ ಇರುವವರಿಗೆ ಮನೆಯಲ್ಲಿ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್‌ ಇಟ್ಟುಕೊಳ್ಳಿ ಎನ್ನುವವರು ಅನೇಕರಿದ್ದಾರೆ. ಅದರಲ್ಲಿ ಯಾವ ಹೊತ್ತಿಗೆ, ಏನನ್ನು ತಿಳಿಯಲು ಪರೀಕ್ಷಿಸಬೇಕೆಂದು ಕೂರಿಸಿಕೊಂಡು ಹೇಳುವವರು ಕಡಿಮೆ. ಈ ಕೊರತೆಯ ಫಲವನ್ನು ನಾನು ಉಂಡಿದ್ದೇನೆ.

ಸುಮಾರು ಒಂದು ವರ್ಷ ನಾನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಪರೀಕ್ಷಿಸಿ 112, 118, 121 ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬಹುತೇಕ ವಯಸ್ಕ ಮಧುಮೇಹಿಗಳಿಗೆ ಹೇಳುವ ಪ್ರತಿ ಡೆಸಿಲೀಟರಿಗೆ 80ರಿಂದ 130 ಮಿಲಿಗ್ರಾಂ ಮಿತಿಯೊಳಗೇ ಇದ್ದುದರಿಂದ ನೆಮ್ಮದಿಯಾಗಿದ್ದೆ. ಪ್ರತಿ ಭೇಟಿಗೂ ಕೊಂಡೊಯ್ದ ಆ ಪುಸ್ತಕವನ್ನು ವೈದ್ಯರು ಒಮ್ಮೆಯೂ ಬಿಡಿಸಿ ನೋಡಲಿಲ್ಲ. ಕಡೆಗೆ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ 7.8 ಎಂಬ ಹೆಚ್ಚಿನ ಅಂಕಿ ಬಂದಾಗ, ತಪ್ಪು ಪ್ರಯೋಗಾಲಯದ್ದೇ ಇರಬೇಕೆಂದು ಮತ್ತೊಮ್ಮೆ ರಕ್ತ ಕೊಟ್ಟೆ. ಆಗಲೂ ಅಷ್ಟೇ ಬಂತು. ಊಟಕ್ಕೆ ಮುಂಚೆ ಒಮ್ಮೆ, ಊಟ ಆರಂಭಿಸಿದ ಎರಡು ಗಂಟೆಗೆ ಇನ್ನೊಮ್ಮೆ ನೋಡಿದ ದಿನ ಗುಟ್ಟು ಬಯಲಾಯಿತು: 124 ಇದ್ದದ್ದು 236ಕ್ಕೆ ಏರಿತ್ತು. ಸಾಮಾನ್ಯವಾಗಿ ಅದು 180ರ ಒಳಗಿರಬೇಕು. ನಾನು ನಿದ್ದೆ ಮುಗಿಸಿ ಎದ್ದ ಹೊತ್ತಿನ ಸಕ್ಕರೆಯನ್ನಷ್ಟೇ ಅಳೆಯುತ್ತಿದ್ದೆನೇ ಹೊರತು, ಉಂಡ ಮೇಲಿನ ಸಕ್ಕರೆಯನ್ನಲ್ಲ. ಹೀಗೆ ಜೋಡಿಯಾಗಿ ಪರೀಕ್ಷಿಸತೊಡಗಿದ ಮೇಲೆ ಯಾವ ಊಟ ಎಷ್ಟು ಏರಿಸುತ್ತದೆ, ಊಟದ ನಂತರದ ನಡಿಗೆ ಎಷ್ಟು ತಗ್ಗಿಸುತ್ತದೆ ಎಂಬುದು ನನಗೇ ಕಾಣತೊಡಗಿತು.

ಅಂಕಿ ಸರಿಯಿರಬೇಕಾದರೆ ಕೈಯೂ ಸರಿಯಿರಬೇಕು. ಒಂದು ಸಂಜೆ ಹಣ್ಣು ಸುಲಿದ ಬೆರಳಿಗೇ ಸೂಜಿ ಚುಚ್ಚಿದಾಗ ಯಂತ್ರ 251 ತೋರಿಸಿತು. ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿ ಮತ್ತೆ ನೋಡಿದರೆ 139. ಬೆರಳಿಗಂಟಿದ ಹಣ್ಣಿನ ರಸವನ್ನೂ ಯಂತ್ರ ರಕ್ತದ ಸಕ್ಕರೆಯೆಂದೇ ಎಣಿಸುತ್ತದೆ. ರಕ್ತದ ಹನಿ ಹಾಕುವ ಸ್ಟ್ರಿಪ್‌ಗಳ ಡಬ್ಬಿಯ ಮುಚ್ಚಳ ತೆರೆದಿಟ್ಟು ತೇವಾಂಶ ತಗುಲಿದರೂ, ಅವಧಿ ಮೀರಿದ್ದರೂ ಲೆಕ್ಕ ತಪ್ಪುತ್ತದೆ. ಬೆರಳ ತುದಿಯ ನಡುಭಾಗಕ್ಕಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ ಎಂಬುದನ್ನೂ ನಾನು ತಡವಾಗಿಯೇ ತಿಳಿದೆ.

ಎಲ್ಲರೂ ದಿನವೂ ಚುಚ್ಚಿಕೊಳ್ಳಬೇಕೆಂದು ನನ್ನ ವಾದವಲ್ಲ. ಮೆಟ್‌ಫಾರ್ಮಿನ್‌ ಮಾತ್ರೆಯೊಂದನ್ನೇ ನುಂಗುವವರಿಗೆ ಸಕ್ಕರೆ ಅಪಾಯಕರವಾಗಿ ಇಳಿಯುವುದು ಅಪರೂಪ; ಔಷಧ ಬದಲಾದಾಗಲೋ ಕಾಯಿಲೆ ಬಿದ್ದಾಗಲೋ ಕೆಲವು ದಿನ ಒತ್ತೊತ್ತಾಗಿ ನೋಡಿದರೆ ಅವರಿಗೆ ಹೆಚ್ಚು ಉಪಯೋಗ. ಇನ್ಸುಲಿನ್‌ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರ ವಿಷಯ ಬೇರೆ. ಸಕ್ಕರೆ ಇಳಿದ ಸೂಚನೆಯಾಗಿ ಕೈ ನಡುಗಿ ಬೆವರು ಬಂದಾಗ ಅವರು ಕೂಡಲೇ ಪರೀಕ್ಷಿಸಬೇಕು. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್‌ ತೆಗೆದುಕೊಂಡು, 15 ನಿಮಿಷದ ನಂತರ ಮತ್ತೆ ನೋಡಬೇಕು.

ಗ್ಲುಕೋಮೀಟರ್‌ ಬರೆದುಕೊಡುವ ವೈದ್ಯರಲ್ಲಿ ನನ್ನದೊಂದು ಕಳಕಳಿಯ ಬೇಡಿಕೆ: ಯಾವ ಹೊತ್ತಿಗೆ ಪರೀಕ್ಷಿಸಬೇಕೆಂಬುದನ್ನೂ ಅದೇ ಚೀಟಿಯಲ್ಲಿ ಬರೆಯಿರಿ, ಮುಂದಿನ ಭೇಟಿಯಲ್ಲಿ ರೋಗಿಯ ನೋಟ್‌ಬುಕ್ಕನ್ನು ಎರಡು ನಿಮಿಷ ಬಿಡಿಸಿ ನೋಡಿರಿ.

ಇತಿ,
ಒಬ್ಬ ಮಧುಮೇಹಿ ಓದುಗ