ಈ ಕೆಲಸ ನನ್ನ ಕೈಯಿಂದ ಬಿಡಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಶಿಡ್ಲಘಟ್ಟದಿಂದ ನಮಸ್ಕಾರ.

ನಾನು ಬಸ್ ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರ್ ಇಟ್ಟುಕೊಂಡಿರುವವನು. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಲ್ಯಾಮಿನೇಶನ್. ಪಹಣಿ ತೆಗೆದುಕೊಡುತ್ತೇನೆ, ಆಧಾರ್ ಪ್ರಿಂಟ್ ಕೊಡುತ್ತೇನೆ, ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಯುತ್ತೇನೆ. ಇದು ನನ್ನ ಹೊಟ್ಟೆಪಾಡು. ಆದರೆ ವರ್ಷಕ್ಕೊಂದು ಸಲ ಇನ್ನೊಂದು ಕೆಲಸ ನನ್ನ ತಲೆ ಮೇಲೆ ಬಂದು ಬೀಳುತ್ತದೆ. ಯಾರ ಮಗ ಎಂಜಿನಿಯರ್ ಆಗಬೇಕು, ಯಾರ ಮಗಳು ನರ್ಸ್ ಆಗಬೇಕು ಅಂತ ತೀರ್ಮಾನ ಮಾಡುವ ಕೆಲಸ. ತಮಾಷೆಗೆ ಹೇಳುತ್ತಿಲ್ಲ ಸರ್. ನಾನು ಓದಿರುವುದು ಬಿಕಾಂ. ಅದರಲ್ಲೂ ಎರಡು ಸಬ್ಜೆಕ್ಟ್ ಉಳಿಸಿಕೊಂಡು, ಆಮೇಲೆ ಕಟ್ಟಿ ಪಾಸಾದವನು.

ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿ ಮುಗಿದು, ಬೇಕಾದ ಕಾಲೇಜು, ಕೋರ್ಸುಗಳನ್ನು ಪಟ್ಟಿ ಮಾಡಿ ಹಾಕುವ ಆಪ್ಷನ್ ಎಂಟ್ರಿ ಶುರುವಾದರೆ ನನ್ನ ಅಂಗಡಿ ಮುಂದೆ ಜನ ನಿಲ್ಲುತ್ತಾರೆ. ಸೆಕೆಂಡ್ ಪಿಯುಸಿ ಮುಗಿಸಿದ ಮಕ್ಕಳು ಅಪ್ಪನನ್ನೋ ಮಾವನನ್ನೋ ಕರಕೊಂಡು ಬರುತ್ತಾರೆ. ಅಪ್ಪ ರೇಷ್ಮೆ ಗೂಡು ಮಾರುಕಟ್ಟೆಯಿಂದ ನೇರವಾಗಿ ಬಂದಿರುತ್ತಾರೆ, ಕೈಯಲ್ಲಿ ಇನ್ನೂ ತೂಕದ ಚೀಟಿ. "ಅಣ್ಣಾ, ನಿಮಗೆ ಗೊತ್ತಿರೋ ಒಳ್ಳೇ ಕಾಲೇಜು ಹಾಕ್ಬಿಡಿ" ಅನ್ನುತ್ತಾರೆ. ನನಗೆ ಗೊತ್ತಿರುವ ಕಾಲೇಜು ಅಂದರೆ ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಬೋರ್ಡ್ ಕಾಣುವ ಕಾಲೇಜು. ಅವನ್ನೇ ಹಾಕುತ್ತಾ ಬಂದೆ. ಹೆಸರಿನ ಮುಂದೆ ಕಂಪ್ಯೂಟರ್ ಸೈನ್ಸ್.

ಒಂದು ವಿಷಯ ನನಗೆ ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು. ಆಪ್ಷನ್ ಪಟ್ಟಿಯಲ್ಲಿ ಸಾಲು ಮುಖ್ಯ. ರ‍್ಯಾಂಕ್ ನೋಡಿ, ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಮೊದಲು ಯಾವುದು ಸಿಗುತ್ತದೋ ಅದನ್ನು ಕಂಪ್ಯೂಟರ್ ಕೊಟ್ಟುಬಿಡುತ್ತದೆ. ಅದರ ಕೆಳಗಿನವನ್ನು ಆಮೇಲೆ ನೋಡುವುದೇ ಇಲ್ಲ. ನಾನು ಮಾತ್ರ 'ಸೇಫ್ ಇರಲಿ' ಅಂತ ಸುಲಭವಾಗಿ ಸಿಗುವ ಕಾಲೇಜನ್ನು ಮೊದಲನೇ ಸಾಲಿಗೆ ಹಾಕುತ್ತಿದ್ದೆ. ಆ ಮಕ್ಕಳಿಗೆಲ್ಲ ಅದೇ ಸಿಕ್ಕಿತು. ಇನ್ನೂ ಒಳ್ಳೆಯದು ಸಿಗುವ ರ‍್ಯಾಂಕ್ ಇದ್ದವರಿಗೂ ಅದೇ ಸಿಕ್ಕಿತು. ನಿಜವಾಗಿ ಬೇಕಾದದ್ದನ್ನು ಮೇಲೆ ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಹಿಂದಿನ ವರ್ಷ ಯಾವ ಕಾಲೇಜಿನಲ್ಲಿ, ಯಾವ ಕೆಟಗರಿಗೆ, ಎಷ್ಟನೇ ರ‍್ಯಾಂಕ್‌ವರೆಗೆ ಸೀಟು ಹೋಯಿತು ಅಂತ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದವರೇ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಅದನ್ನು ಬಿಚ್ಚಿ ನೋಡಲು ಪುರುಸೊತ್ತು ಯಾರಿಗಿದೆ? ಹೊರಗೆ ಹದಿನೈದು ಜನ ಕಾಯುತ್ತಿರುತ್ತಾರೆ, ಸರ್ವರ್ ತಿರುಗುತ್ತಾ ಇರುತ್ತದೆ.

ಸೀಟು ಬಂದ ಮೇಲೆ ಚಾಯ್ಸ್ ಒಂದು, ಎರಡು, ಮೂರು, ನಾಲ್ಕು. ಒಂದು ಅಂದರೆ ಸೀಟು ಒಪ್ಪಿದೆ, ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದನ್ನು ಕೊಡಿ. ಮೂರು ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ ನಾನು ಹೊರಗೆ. ಎರಡಕ್ಕೂ ಮೂರಕ್ಕೂ ಒಂದೇ ಅಂಕಿ ವ್ಯತ್ಯಾಸ, ಅಲ್ವಾ? ಒಬ್ಬ ಹುಡುಗ ಇದ್ದ ಸೀಟೂ ಕಳಕೊಂಡು ಒಂದು ವರ್ಷ ಮನೆಯಲ್ಲಿ ಕೂತ. ಎರಡರ ಬದಲು ಮೂರು ಒತ್ತಿದ ಆ ಕ್ಲಿಕ್ ನನ್ನದು.

ಈಗ ಪತ್ರ ಬರೆಯಲು ಕೂರಿಸಿದ ಸಂಗತಿಗೆ ಬರುತ್ತೇನೆ.

ಒಂದು ಹುಡುಗಿ ಬಂದಿದ್ದಳು. ಹೆಸರು ಬೇಡ. ಹುಳ ಸಾಕುವ ಮನೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಪಿಯುಸಿಯಲ್ಲಿ ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಓದಿದ್ದಳು. ಅರ್ಜಿ ತುಂಬುವಾಗ ಮೆಲ್ಲಗೆ ಕೇಳಿದಳು: "ಅಣ್ಣ, ರೇಷ್ಮೆ ಬಗ್ಗೇನೇ ಓದೋಕೆ ಕಾಲೇಜು ಇದ್ಯಾ?" ನಾನು ನಕ್ಕುಬಿಟ್ಟೆ. "ಮನೇಲಿ ಹುಳ ನೋಡಿ ಸಾಕಾಗಿಲ್ವೇನಮ್ಮ? ಕಂಪ್ಯೂಟರ್ ಸೈನ್ಸ್ ತಗೋ" ಅಂದೆ. ಅವಳ ಅಪ್ಪನೂ ನಕ್ಕರು. ಅವಳು ಸುಮ್ಮನಾದಳು. ಅದೇ ಅರ್ಜಿಯಲ್ಲಿ ಕೃಷಿಕರ ಕೋಟಾ ಬೇಕಾ ಅಂತ ಒಂದು ಪ್ರಶ್ನೆ ಇರುತ್ತದೆ. ಪ್ರಮಾಣಪತ್ರ ಕೈಯಲ್ಲಿ ಇರಲಿಲ್ಲ. ತಾಲ್ಲೂಕು ಕಚೇರಿಗೆ ಓಡಾಡುವುದು ಯಾಕೆ ಸುಮ್ನೆ ಅಂತ 'ಇಲ್ಲ' ಒತ್ತಿದೆ.

ಕಾಲೇಜು ಇದೆ ಸರ್. ನಮ್ಮ ಜಿಲ್ಲೆಯಲ್ಲೇ, ಚಿಂತಾಮಣಿಯಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಕಾಲೇಜು. ಪದವಿಯ ಹೆಸರೇ ಬಿಎಸ್ಸಿ ರೇಷ್ಮೆ ಕೃಷಿ. ಅದಕ್ಕೆ ಡಾಕ್ಟರ್ ಸೀಟಿಗೆ ಬರೆಯುವ ನೀಟ್ ಪರೀಕ್ಷೆ ಬೇಡ, ಸಿಇಟಿಯೇ ಸಾಕು. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಸಲಕರಣೆ ಗುರುತಿಸಿ ಅನ್ನುವಂಥ ಪರೀಕ್ಷೆ. ಹುಳ ಪೊರೆ ಕಳಚುವ 'ಜ್ವರ'ಕ್ಕೆ ಯಾವಾಗ ಕೂತು ಸೊಪ್ಪು ಬಿಡುತ್ತದೆ, ಯಾವತ್ತು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಅಂತ ಹತ್ತನೇ ವಯಸ್ಸಿಗೇ ಗೊತ್ತಿದ್ದ ಹುಡುಗಿ ಅವಳು. ನಾನು 'ಇಲ್ಲ' ಒತ್ತಿದ್ದರಿಂದ ಆ ಪರೀಕ್ಷೆಗೆ ಅವಳನ್ನು ಕರೆಯಲೇ ಇಲ್ಲ. ಆಪ್ಷನ್ ಹಾಕುವಾಗಲೂ ಕೃಷಿ ಕೋರ್ಸುಗಳ ಪುಟವನ್ನು ನಾನು ತೆರೆಯಲಿಲ್ಲ. ಇದ್ದ ಎರಡು ಬಾಗಿಲನ್ನೂ ನಾನೇ ಮುಚ್ಚಿದ ಹಾಗಾಯಿತು.

ಈಗ ಅವಳು ಬೆಳಗ್ಗೆ ಆರರ ಬಸ್ಸಿಗೆ ಬೆಂಗಳೂರಿನ ಕಡೆ ಹೋಗಿ, ರಾತ್ರಿ ಎಂಟಕ್ಕೆ ಇಳಿಯುತ್ತಾಳೆ. ಕಂಪ್ಯೂಟರ್ ಸೈನ್ಸೇ. ಮೊದಲ ಸೆಮಿಸ್ಟರಿನಲ್ಲಿ ಎರಡು ಪೇಪರ್ ಹೋಗಿವೆ. ಈಗಲೂ ನನ್ನ ಅಂಗಡಿಗೇ ಪ್ರಿಂಟ್ ತೆಗೆಸಲು ಬರುತ್ತಾಳೆ. ಒಂದು ಮಾತೂ ಅಂದಿಲ್ಲ. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿ ನಮ್ಮ ಜಿಲ್ಲೆಯಲ್ಲೇ ಇದೆ. ಅದಕ್ಕೋ ಏನೋ, ಇಲ್ಲಿ ಪ್ರತಿ ಅಪ್ಪನಿಗೂ ಮಗ ಎಂಜಿನಿಯರೇ ಆಗಬೇಕು. ವಿಶ್ವೇಶ್ವರಯ್ಯನವರು ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮಾಡಿ, ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು. ಬಿಎ ಅಂದರೆ ಮೂಗು ಮುರಿಯುವ ಅಪ್ಪಂದಿರಿಗೆ ನಾನು ಇದನ್ನು ಹೇಳಿ ನೋಡಿದ್ದೇನೆ. ನಂಬುವುದಿಲ್ಲ.

ಇನ್ನು ಪ್ರಮಾಣಪತ್ರಗಳದ್ದೇ ಒಂದು ಪುರಾಣ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿ. ನಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳಿಗೆ ಎರಡೂ ಸಲ್ಲುತ್ತವೆ. ಆದರೆ ಹೆಡ್‌ಮಾಸ್ಟರ್ ಸಹಿ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಮೇಲುಸಹಿ ಬೇಕು. ಐದರವರೆಗೆ ಒಂದು ಊರು, ಆಮೇಲೆ ಇನ್ನೊಂದು ಊರಿನಲ್ಲಿ ಓದಿದ್ದರೆ ಎರಡೂ ಕಡೆ ಅಲೆಯಬೇಕು. ಜಾತಿ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಹಾಕಿದರೆ, ಅದರಲ್ಲಿರುವ ಹೆಸರು ಒಂದು ಥರ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ. ಇನಿಷಿಯಲ್ ಹಿಂದೆ ಮುಂದೆ. ಇದನ್ನೆಲ್ಲ ಡಿಸೆಂಬರಿನಲ್ಲೇ ಸರಿ ಮಾಡಿಸಬಹುದು. ಗೊತ್ತಾಗುವುದು ಮಾತ್ರ ಅರ್ಜಿಯ ಕೊನೇ ದಿನ, ರಾತ್ರಿ ಹತ್ತು ಗಂಟೆಗೆ, ನನ್ನ ಮುಂದೆ.

ನೀಟ್‌ನದೂ ಇದೇ ಕತೆ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬೇಕಾದರೆ ಅರ್ಜಿಯಲ್ಲೇ ಹೇಳಬೇಕು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಪ್ರತಿ ತಪ್ಪಿಗೂ 1 ಅಂಕ ಕಳೆಯುತ್ತಾರೆ. 'ಗೊತ್ತಿಲ್ಲದ್ದಕ್ಕೂ ಒಂದು ಟಿಕ್ ಹಾಕಿ ಬಾ' ಅಂತ ಎರಡಕ್ಕೂ ಒಂದೇ ಬುದ್ಧಿವಾದ ಕೇಳಿಕೊಂಡು ಹೋದ ಮಕ್ಕಳಿದ್ದಾರೆ.

ಸರ್, ನಮ್ಮ ಮಕ್ಕಳು ಅಂಕ ತೆಗೆಯುತ್ತಾರೆ. ಅಂಕ ತಂದ ಮೇಲೆ ಯಾರ ಹತ್ತಿರ ಹೋಗಬೇಕು ಅನ್ನುವುದಕ್ಕೆ ನಮ್ಮ ತಾಲ್ಲೂಕಿನಲ್ಲಿ ಉತ್ತರ ನಾನು, ಇಲ್ಲವೇ ನನ್ನಂಥ ಇನ್ನೊಬ್ಬ. ಬೆಂಗಳೂರಿನ ಮಕ್ಕಳಿಗೆ ದುಡ್ಡು ಕೊಟ್ಟರೆ ಹೇಳಿಕೊಡುವವರಿದ್ದಾರೆ. ಇಲ್ಲಿ ಆಪ್ಷನ್ ಎಂಟ್ರಿಗೆ ನಾನು ತಗೊಳ್ಳುವುದು ನೂರು ರೂಪಾಯಿ. ನೂರು ರೂಪಾಯಿಗೆ ಎಷ್ಟು ಬುದ್ಧಿ ಬರುತ್ತದೋ ಅಷ್ಟೇ ಬರುತ್ತದೆ.

ನಾನು ಕೇಳುವುದು ದೊಡ್ಡದಲ್ಲ. ಸರ್ಕಾರಿ ಪಿಯು ಕಾಲೇಜಿನಲ್ಲಿ ಒಂದು ರೂಮು, ನಾಲ್ಕು ಕಂಪ್ಯೂಟರ್, ವಿಷಯ ತಿಳಿದ ಇಬ್ಬರು ಮೇಷ್ಟ್ರು. ಅರ್ಜಿ ತುಂಬುವ ಒಂದು ತಿಂಗಳು, ಆಮೇಲೆ ರಿಸಲ್ಟ್ ಬಂದು ಸೀಟು ಹಂಚಿಕೆ ಮುಗಿಯುವ ತನಕ. ಆ ಇಬ್ಬರನ್ನು ಪರೀಕ್ಷಾ ಪ್ರಾಧಿಕಾರಕ್ಕೆ ಕಳಿಸಿ ಮೊದಲೇ ಎಲ್ಲ ತಿಳಿದುಕೊಂಡು ಬರುವ ಹಾಗೆ ಮಾಡಿಸಿ. ಅದಕ್ಕೂ ಮುಂಚೆ, ಡಿಸೆಂಬರಿನಲ್ಲಿ, ತಹಶೀಲ್ದಾರ್ ಕಚೇರಿಯವರೂ ಬಿಇಒ ಕಚೇರಿಯವರೂ ಒಂದು ದಿನ ಕಾಲೇಜಿಗೇ ಬಂದು ಪ್ರಮಾಣಪತ್ರದ ಕೆಲಸ ಮುಗಿಸಿಕೊಡಲಿ. ಮಕ್ಕಳು ಹತ್ತು ಕಚೇರಿ ಸುತ್ತುವುದಕ್ಕಿಂತ ಇದು ಸುಲಭ. ಫಸ್ಟ್ ಪಿಯುಸಿ ಮಕ್ಕಳನ್ನು ಒಂದು ಬಸ್ ಮಾಡಿ ಚಿಂತಾಮಣಿಯ ರೇಷ್ಮೆ ಕಾಲೇಜಿಗೂ, ಕೋಲಾರದ ತೋಟಗಾರಿಕೆ ಕಾಲೇಜಿಗೂ ಕರಕೊಂಡು ಹೋಗಿ ತೋರಿಸಲಿ. ಹತ್ತನೇ ಕ್ಲಾಸಿನವರಿಗೂ ಯಾರಾದರೂ ಒಂದು ಗಂಟೆ ಕೂತು ಹೇಳಲಿ: ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗಿಗೆ ಹೋಗಬಹುದು ಅಂತ. ನಮ್ಮ ಬೀದಿಯಲ್ಲೇ ಇದು ಗೊತ್ತಿಲ್ಲದವರು ಜಾಸ್ತಿ.

ಹೀಗೆ ಮಾಡಿದರೆ ನನ್ನ ಒಂದು ತಿಂಗಳ ವ್ಯಾಪಾರ ಹೋಗುತ್ತದೆ. ಹೋಗಲಿ. ಪಹಣಿ ಇದೆ, ಜೆರಾಕ್ಸ್ ಇದೆ.

ನಂಬಿಕೆ ಬರದಿದ್ದರೆ ಆಪ್ಷನ್ ಎಂಟ್ರಿಯ ಒಂದು ಸಂಜೆ ನನ್ನ ಅಂಗಡಿಗೆ ಬನ್ನಿ. ಕಾರು ದೂರ ನಿಲ್ಲಿಸಿ, ಒಬ್ಬರೇ ಬನ್ನಿ. ಒಂದು ಸ್ಟೂಲ್ ಹಾಕುತ್ತೇನೆ, ಟೀ ತರಿಸುತ್ತೇನೆ. ಮಕ್ಕಳು ಏನು ಕೇಳುತ್ತಾರೆ, ನಾನು ಏನು ಉತ್ತರ ಕೊಡುತ್ತೇನೆ, ಸುಮ್ನೆ ಕೂತು ಕೇಳಿಸಿಕೊಳ್ಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಸೈಬರ್ ಅಂಗಡಿಯವನು
ಶಿಡ್ಲಘಟ್ಟ